ಗಾಲಿಯ ಮನೆಯಲ್ಲಿ ಕರಡಿಯ ಬಿಡಾರಕ್ಕೆ

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಇವೆರಡರಲ್ಲಿ ಮೊದಲನೆಯದಕ್ಕೆ ಹಣವೂ ಬೇಕು, ಕಾಲವೂ ಬೇಕು. ಎರಡನೆಯದಕ್ಕೆ ಆಸಕ್ತಿಯೊಂದಿದ್ದರೆ ಸಾಕು. ಆದುದರಿಂದ ವಿದ್ಯಾರ್ಥಿಮಿತ್ರರೇ, ನಾವೆಲ್ಲರೂ ಕೂಡಿ ಭೂಪಟವೊಂದನ್ನು ಮುಂದಿಟ್ಟುಕೊಂಡು, ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿರುವ ಒಂದು ಮಹಾಶಿಲೆಯನ್ನು ನೋಡಿಕೊಂಡು ಬರೋಣ. ಅಷ್ಟು ದೂರದ ಕಲ್ಲಿನಿಂದ ನಮಗೇನು ಪ್ರಯೋಜನವೆಂದು ನೀವು ಕೇಳಬಹುದು. ಆ ಕಲ್ಲಿನ ಜಾತಿಬಂಧುಗಳಲ್ಲಿ ಒಂದು ನಮ್ಮ ಮುಂಬಯಿಯಲ್ಲಿಯೂ, ಇನ್ನೊಂದು ನಮ್ಮ ಕರಾವಳಿಯ ಮಲ್ಪೆಯ ಎದುರಿಗೂ ಇವೆ. ದೂರದ ಬಂಧುವಿನ ಪರಿಚಯವಾದ ಮೇಲೆ ಹತ್ತಿರದವರ ಬೆಲೆ ತಾನಾಗಿಯೇ ತಿಳಿಯುತ್ತದೆ.

ಗಾಲಿಯ ಮೇಲಿನ ಮನೆ

ಅಮೆರಿಕಾ ವಿಶಾಲವಾದ ದೇಶ. ಅಲ್ಲಿಯ ಜನರಲ್ಲಿ ಅನೇಕರು ಬೇಸಿಗೆಯ ರಜೆಯಲ್ಲಿ ಮನೆಯನ್ನೇ ಗಾಲಿಗಳ ಮೇಲೆ ಏರಿಸಿಕೊಂಡು ಹೊರಡುತ್ತಾರೆ. ಇಂತಹ ವಾಹನಕ್ಕೆ ಅವರು ‘ಆರ್.ವಿ.’ ಎಂದು ಎರಡಕ್ಷರದ ಹೆಸರನ್ನು ಇಟ್ಟಿದ್ದಾರೆ. ವಿಹಾರದ ವಾಹನವೆಂಬುದು ಅದರ ಅರ್ಥ. ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಯಂತ್ರವೂ ಮನೆಯೂ ಒಂದೇ ಆಗಿ, ನಮ್ಮ ಬಸ್ಸಿನಂತೆ ತಾನೇ ಓಡುವುದು ಒಂದು ಬಗೆ. ಯಂತ್ರವಿಲ್ಲದೆ, ಬೇರೊಂದು ಮೋಟಾರಿನ ಹಿಂದೆ ಕಟ್ಟಿಸಿಕೊಂಡು ಎಳೆಯಲ್ಪಡುವುದು ಇನ್ನೊಂದು ಬಗೆ.

ಒಳಹೊಕ್ಕು ನೋಡಿದರೆ ಚಾಳಿನ ಖೋಲಿಗಳಲ್ಲಿ ಬೆಳೆದವರಿಗೆ ಯಾವ ಅಪರಿಚಿತತೆಯೂ ಉಂಟಾಗದು. ಹಗಲಿನಲ್ಲಿ ಕುಳಿತುಕೊಳ್ಳುವ ಆಸನವೇ ರಾತ್ರಿಯಲ್ಲಿ ಹಾಸಿಗೆಯಾಗುತ್ತದೆ. ಊಟದ ಮೇಜು ಮಡಿಸಿ ಗೋಡೆ ಸೇರುತ್ತದೆ. ತಲೆಯ ಮೇಲೆಲ್ಲ ಸಾಮಾನಿನ ಗೂಡುಗಳು. ಅಡಿಗೆಗೆ ಅನಿಲದ ಒಲೆ, ದೀಪಕ್ಕೆ ವಿದ್ಯುತ್ಕೋಶ. ನೀರಿನ ವಿಷಯದಲ್ಲಿಯೂ ನಮ್ಮಂತೆಯೇ ಲೆಕ್ಕಾಚಾರ. ವಾಹನದ ಕೆಳಗೆ ಮೂರು ತೊಟ್ಟಿಗಳಿರುತ್ತವೆ: ಒಂದರಲ್ಲಿ ಒಳ್ಳೆಯ ನೀರು, ಇನ್ನೊಂದರಲ್ಲಿ ಪಾತ್ರೆ ತೊಳೆದ ಮತ್ತು ಮಿಂದ ನೀರು, ಮೂರನೆಯದರಲ್ಲಿ ಶೌಚದ ನೀರು. ಮೊದಲನೆಯದು ಬರಿದಾದಂತೆಲ್ಲ ಮಿಕ್ಕ ಎರಡು ತುಂಬುತ್ತ ಹೋಗುತ್ತವೆ. ತುಂಬಿದುದನ್ನು ದಾರಿಯ ಬದಿಗೆ ಚೆಲ್ಲುವಂತಿಲ್ಲ. ಅದಕ್ಕೆಂದೇ ಏರ್ಪಡಿಸಿದ ಸ್ಥಳಕ್ಕೆ ಕೊಂಡೊಯ್ದು ಕೊಳವೆಯ ಮೂಲಕ ನೆಲದೊಳಗಿನ ಚರಂಡಿಗೆ ಬಿಡಬೇಕು. ತಾನು ಬಳಸಿದ ನೀರಿನ ಗತಿ ಏನಾಯಿತೆಂಬುದನ್ನು ಸ್ಥಿರವಾದ ಮನೆಯಲ್ಲಿರುವವನು ಮರೆಯಬಹುದು. ಗಾಲಿಯ ಮನೆಯವನು ಮರೆಯಲಾರನು. ಈ ಪ್ರವಾಸದ ಮೊದಲ ಪಾಠವೇ ಇದು.

ದಾರಿ

ದಕ್ಷಿಣ ಡಕೋಟ ಸಂಸ್ಥಾನದ ರ‍್ಯಾಪಿಡ್ ಸಿಟಿ ಎಂಬ ಪಟ್ಟಣದಿಂದ ನಾವು ಹೊರಟಿದ್ದೇವೆಂದು ಭಾವಿಸೋಣ. ಇಲ್ಲಿಂದ ನಾವು ಸೇರಬೇಕಾದ ಸ್ಥಳಕ್ಕೆ ಸುಮಾರು 110 ಮೈಲಿ. ಪೈನ್ ಮರಗಳು ದಟ್ಟವಾಗಿ ಬೆಳೆದು ದೂರದಿಂದ ಕಪ್ಪಾಗಿ ಕಾಣುವುದರಿಂದ ‘ಕಪ್ಪುಗುಡ್ಡ’ಗಳೆಂದು ಹೆಸರಾದ ಬೆಟ್ಟಸಾಲಿನ ಅಂಚಿನಲ್ಲಿಯೇ ಹೆದ್ದಾರಿಯು ಪಶ್ಚಿಮಕ್ಕೆ ಸಾಗಿ ವಯೋಮಿಂಗ್ ಸಂಸ್ಥಾನವನ್ನು ಹೊಗುತ್ತದೆ. ಸನ್‌ಡ್ಯಾನ್ಸ್ ಎಂಬ ಚಿಕ್ಕ ಊರಿನಲ್ಲಿ ಹೆದ್ದಾರಿಯನ್ನು ಬಿಟ್ಟು, ಹುಲ್ಲುಗಾವಲುಗಳ ನಡುವಿನ ಕಿರಿದಾದ ರಸ್ತೆಯಲ್ಲಿ ಇನ್ನು ಸುಮಾರು 28 ಮೈಲಿ ಹೋಗಬೇಕು. ಗಾಲಿಯ ಮನೆಯು ಉದ್ದವೂ ಎತ್ತರವೂ ಭಾರವೂ ಆದುದರಿಂದ ತಿರುವುಗಳಲ್ಲಿ ನಿಧಾನವಾಗಿ ನಡೆಸಬೇಕು; ಗಾಳಿ ಬೀಸಿದರೆ ಇನ್ನೂ ಎಚ್ಚರಿಕೆ ಬೇಕು.

ಹೀಗೆ ಸಾಗುತ್ತಿರುವಾಗ, ಏರುತಗ್ಗಿನ ಹಸುರು ನೆಲದ ಮೇಲೆ, ಇನ್ನೂ ಅನೇಕ ಮೈಲಿಗಳ ದೂರದಲ್ಲಿಯೇ ನಮ್ಮ ಶಿಲೆ ಗೋಚರಿಸುತ್ತದೆ. ಸುತ್ತಲೂ ಅಂತಹುದು ಮತ್ತೊಂದಿಲ್ಲ. ಕಡಿದ ಮಹಾವೃಕ್ಷದ ಬೊಡ್ಡೆಯೊಂದು ಕಲ್ಲಾಗಿ ನಿಂತಿದೆಯೋ ಎನ್ನುವಂತೆ ತಳದಲ್ಲಿ ಅಗಲವಾಗಿ, ಮೇಲೆ ಹೋದಂತೆ ಕಿರಿದಾಗಿ, ತಲೆ ಚಪ್ಪಟೆಯಾಗಿದೆ. ಬುಡದಿಂದ ನೆತ್ತಿಯವರೆಗೆ ಅದರ ಎತ್ತರ 867 ಅಡಿ. ಶ್ರವಣಬೆಳಗೊಳದ ಗೊಮ್ಮಟನ ವಿಗ್ರಹ ಸುಮಾರು 58 ಅಡಿ. ಅಂತಹ ಹದಿನೈದು ವಿಗ್ರಹಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಈ ಕಲ್ಲಿನ ಎತ್ತರಕ್ಕೆ ಸಮನಾದೀತು. ನೆತ್ತಿಯ ಮೇಲೆ ಒಂದೂವರೆ ಎಕರೆಯಷ್ಟು ಸಮತಟ್ಟಾದ ಜಾಗವಿದ್ದು ಅಲ್ಲಿಯೂ ಹುಲ್ಲು ಬೆಳೆಯುತ್ತದೆ. ಬೆಲ್ ಫೂಶ್ ಎಂಬ ನದಿಯು ಇದರ ಬಳಿಯಲ್ಲಿಯೇ ಬಳಸಿ ಹರಿಯುತ್ತದೆ.

ಇಂಗ್ಲಿಷಿನಲ್ಲಿ ಇದಕ್ಕೆ ‘ಡೆವಿಲ್ಸ್ ಟವರ್’, ಅಂದರೆ ದೆವ್ವದ ಗೋಪುರವೆಂದು ಹೆಸರು. ಆದರೆ ಅದಕ್ಕಿಂತಲೂ ಹಳೆಯ ಹೆಸರೊಂದು ಇದಕ್ಕೆ ಇದೆ. ಲಕೋಟ ಎಂಬ ಮೂಲನಿವಾಸಿಗಳು ಇದನ್ನು ‘ಮಾತೋ ತಿಪಿಲಾ’ ಎನ್ನುತ್ತಾರೆ. ಕರಡಿಯ ಬಿಡಾರವೆಂಬುದು ಅದರ ಅರ್ಥ. ನಾವೂ ಈ ಲೇಖನದಲ್ಲಿ ಆ ಹೆಸರಿನಿಂದಲೇ ಕರೆಯೋಣ.

ಕಂಬಗಳಾದ ಬಗೆ

ಹತ್ತಿರಕ್ಕೆ ಹೋಗಿ ನೋಡಿದಾಗ ಮೊದಲ ಆಶ್ಚರ್ಯ ಕಾದಿರುತ್ತದೆ. ಕರಡಿಯ ಬಿಡಾರವು ಒಂದೇ ಹಾಸಿನ ನುಣುಪಾದ ಬಂಡೆಯಲ್ಲ. ನೂರಾರು ಅಡಿ ಉದ್ದದ ಕಂಬಗಳನ್ನು ಒತ್ತಾಗಿ ಸೇರಿಸಿ ಕಟ್ಟಿದ ಹೊರೆಯಂತಿದೆ. ಕಂಬಗಳಲ್ಲಿ ಹೆಚ್ಚಿನವು ಆರು ಮುಖದವು. ಐದು, ಏಳು, ನಾಲ್ಕು ಮುಖಗಳವೂ ಉಂಟು. ಯಾವ ಶಿಲ್ಪಿ ಇವನ್ನು ಕಡೆದನು?

ಸುಮಾರು 5 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಕರಗಿದ ಶಿಲಾರಸವು ಮೇಲಕ್ಕೆ ನುಗ್ಗಿ, ಮರಳುಗಲ್ಲು ಮುಂತಾದ ಪದರಗಳ ನಡುವೆ ಸಿಕ್ಕಿಕೊಂಡಿತು. ಅದು ಅಲ್ಲಿಯೇ ನೆಲದೊಳಗೆ ಹೆಪ್ಪುಗಟ್ಟಿತೆಂದು ಕೆಲವು ಭೂವಿಜ್ಞಾನಿಗಳೂ, ಜ್ವಾಲಾಮುಖಿಯ ಬಾಯಿಯಲ್ಲಿ ಬಿರಡೆಯಂತೆ ನಿಂತು ಹೆಪ್ಪುಗಟ್ಟಿತೆಂದು ಇನ್ನು ಕೆಲವರೂ ಹೇಳುತ್ತಾರೆ. ಹೇಗೆಯೇ ಆಗಲಿ, ತಣಿದುದರಿಂದಲೇ ಕಂಬಗಳಾದವೆಂಬ ವಿಷಯದಲ್ಲಿ ಭೇದವಿಲ್ಲ.

ಕಾದ ವಸ್ತು ತಣಿದಾಗ ಕುಗ್ಗುತ್ತದೆ. ಕುಗ್ಗಬೇಕೆಂದರೆ ಎಲ್ಲಿಯಾದರೂ ಬಿರುಕು ಬಿಡಲೇಬೇಕು. ಬೇಸಿಗೆಯಲ್ಲಿ ಊರಿಗೆ ಹೋದಾಗ ಬತ್ತಿದ ಕೆರೆಯಂಗಳವನ್ನು ನೀವು ನೋಡಿರಬಹುದು. ನೀರು ಆರಿ ಮಣ್ಣು ಕುಗ್ಗಿ, ನೆಲವೆಲ್ಲ ಬಿರುಕಿನ ಬಲೆಯಂತೆ ಕಾಣುತ್ತದೆ. ಅಲ್ಲಿ ಆರುವುದರಿಂದ ಆಗುವ ಕೆಲಸ, ಇಲ್ಲಿ ತಣಿಯುವುದರಿಂದ ಆಗಿದೆ. ಶಿಲಾರಸವು ಮೊದಲು ತಣಿಯುವುದು ಹೊರಮೈಯಲ್ಲಿ. ಬಿರುಕುಗಳೂ ಅಲ್ಲಿಯೇ ಹುಟ್ಟುತ್ತವೆ. ತಂಪು ಒಳಗಿಳಿದಂತೆಲ್ಲ ಬಿರುಕೂ ಅದರ ಹಿಂದೆಯೇ, ಹೊರಮೈಗೆ ಲಂಬವಾಗಿ, ಒಳಗಿಳಿಯುತ್ತದೆ. ನಾಲ್ಕೂ ಕಡೆಯ ಬಿರುಕುಗಳು ಹೀಗೆ ಆಳಕ್ಕೆ ಇಳಿದಾಗ ನಡುವೆ ಉಳಿಯುವುದೇ ಕಂಬ. ನಿಧಾನವಾಗಿ ತಣಿದಲ್ಲಿ ಕಂಬ ದಪ್ಪವಾಗುತ್ತದೆ. ಬೇಗನೆ ತಣಿದಲ್ಲಿ ತೆಳ್ಳಗಾಗುತ್ತದೆ.

ಇನ್ನು, ಆರೇ ಮುಖಗಳೇಕೆ? ಇದಕ್ಕೆ ಉತ್ತರವನ್ನು ಕ್ಯಾರಂ ಹಲಗೆಯ ಮೇಲೆ ಕಂಡುಕೊಳ್ಳಬಹುದು. ಒಂದು ಕಾಯಿಯನ್ನು ನಡುವೆ ಇಟ್ಟು ಅದಕ್ಕೆ ತಾಗಿಸಿ ಸುತ್ತಲೂ ಕಾಯಿಗಳನ್ನು ಜೋಡಿಸಿರಿ. ಸರಿಯಾಗಿ ಆರು ಕಾಯಿಗಳು ಹಿಡಿಸುತ್ತವೆ. ಐದಾದರೆ ಜಾಗ ಉಳಿಯುತ್ತದೆ, ಏಳನೆಯದಕ್ಕೆ ಎಡೆಯಿಲ್ಲ. ಶಿಲೆಯಲ್ಲಿಯೂ ಸಮಾನ ದೂರದಲ್ಲಿರುವ ಕೇಂದ್ರಗಳ ಕಡೆಗೆ ಎಲ್ಲವೂ ಕುಗ್ಗುವಾಗ, ಪ್ರತಿಯೊಂದು ಕೇಂದ್ರಕ್ಕೂ ಆರು ನೆರೆಹೊರೆಗಳು. ನೆರೆಹೊರೆಗಳ ನಡುವಿನ ಗಡಿಯೇ ಬಿರುಕು.

ರೇಖಾಗಣಿತವೂ ಇದನ್ನೇ ಸಮರ್ಥಿಸುತ್ತದೆ. ಸಮಭುಜದ ಒಂದೇ ಆಕಾರದಿಂದ ನೆಲವನ್ನು ಸಂದಿಲ್ಲದಂತೆ ಮುಚ್ಚಲು ತ್ರಿಕೋನ, ಚೌಕ, ಷಟ್ಕೋನ ಈ ಮೂರರಿಂದ ಮಾತ್ರ ಸಾಧ್ಯ. ಪ್ರತಿಯೊಂದರ ಕ್ಷೇತ್ರಫಲವೂ 100 ಚದರ ಅಂಗುಲವೆಂದಿಟ್ಟುಕೊಂಡರೆ, ತ್ರಿಕೋನದ ಸುತ್ತಳತೆ ಸುಮಾರು 45.6 ಅಂಗುಲ, ಚೌಕದ್ದು 40, ಷಟ್ಕೋನದ್ದು ಸುಮಾರು 37.2. ಅಂದರೆ ಅತ್ಯಂತ ಕಡಿಮೆ ಬಿರುಕಿನಿಂದ ಕೆಲಸ ಮುಗಿಯುವುದು ಷಟ್ಕೋನದಲ್ಲಿ. ಜೇನುನೊಣವು ಮೇಣವನ್ನು ಉಳಿಸುವುದೂ ಇದೇ ಲೆಕ್ಕದಿಂದ. ನಿಸರ್ಗವು ದುಂದುಗಾರನಲ್ಲ. ಎಲ್ಲ ಕಡೆಯೂ ಒಂದೇ ಸಮನಾಗಿ ತಣಿಯದ ಕಾರಣ ಅಲ್ಲಲ್ಲಿ ಐದೂ ಏಳೂ ಮುಖಗಳು ಬಂದಿವೆ, ಅಷ್ಟೆ.

ಹೆಪ್ಪುಗಟ್ಟಿದ ಶಿಲೆ ಬಹುಕಾಲ ಮಣ್ಣಿನಲ್ಲಿಯೇ ಹುದುಗಿದ್ದಿತು. ಮಳೆಯೂ ಹಿಮವೂ ನದಿಯೂ ಸುತ್ತಲಿನ ಮೆದುಗಲ್ಲನ್ನು ಕೊರೆದು ಸಾಗಿಸುತ್ತ ಬಂದವು. ಗಟ್ಟಿಯಾದ ಈ ಶಿಲೆ ಮಾತ್ರ ಉಳಿಯಿತು. ಬೆಟ್ಟ ಮೇಲೆದ್ದುದಲ್ಲ, ಅದರ ಸುತ್ತಲಿನ ನೆಲವೇ ಕೆಳಗಿಳಿದುದು!

ಯಾರ ಬೆಟ್ಟ?

ವಿಜ್ಞಾನವು ಹೇಳುವ ಈ ಕಥೆಗಿಂತ ಮುಂಚೆಯೇ ಅಲ್ಲಿಯ ಮೂಲನಿವಾಸಿಗಳು ತಮ್ಮ ಕಥೆಯನ್ನು ಹೇಳಿಕೊಂಡು ಬಂದಿದ್ದಾರೆ. ಕಯೋವ ಎಂಬ ಜನಾಂಗದವರ ಕಥೆಯಂತೆ, ಏಳು ಮಂದಿ ಹುಡುಗಿಯರು ಆಡುತ್ತಿದ್ದಾಗ ಕರಡಿಗಳು ಅಟ್ಟಿಸಿಕೊಂಡು ಬಂದವು. ಹುಡುಗಿಯರು ಒಂದು ಚಿಕ್ಕ ಕಲ್ಲನ್ನೇರಿ, ನಮ್ಮನ್ನು ಕಾಪಾಡೆಂದು ಆ ಕಲ್ಲನ್ನೇ ಬೇಡಿಕೊಂಡರು. ಕಲ್ಲು ಬೆಳೆಯಿತು, ಬೆಳೆದು ಆಕಾಶವನ್ನು ಮುಟ್ಟಿತು. ಕರಡಿಗಳು ಹತ್ತಲಾರದೆ ಉಗುರಿನಿಂದ ಪರಚಿದ ಗೀರುಗಳೇ ಕಂಬಗಳ ಸಂದುಗಳು. ಆ ಹುಡುಗಿಯರು ಆಕಾಶದಲ್ಲಿ ನಕ್ಷತ್ರಗಳಾಗಿ ನಿಂತರು. ನಾವು ಕೃತ್ತಿಕೆಯೆಂದು ಕರೆಯುವ ನಕ್ಷತ್ರಪುಂಜವೇ ಅದು. ನಮ್ಮ ಪುರಾಣದಲ್ಲಿ ಷಣ್ಮುಖನಿಗೆ ಹಾಲೂಡಿದ ತಾಯಂದಿರೂ, ಅಲ್ಲಿ ಕರಡಿಗಳಿಂದ ಪಾರಾದ ಹುಡುಗಿಯರೂ ಒಂದೇ ನಕ್ಷತ್ರಗಳಲ್ಲಿ ನೆಲಸಿರುವುದು ಎಷ್ಟು ಸೊಗಸು!

ಇಪ್ಪತ್ತಕ್ಕೂ ಹೆಚ್ಚು ಮೂಲನಿವಾಸಿ ಜನಾಂಗಗಳಿಗೆ ಈ ಶಿಲೆ ಪವಿತ್ರವಾದುದು. 1868ರಲ್ಲಿ ಅಮೆರಿಕಾ ಸರಕಾರವು ಲಕೋಟರೊಡನೆ ಒಪ್ಪಂದ ಮಾಡಿಕೊಂಡು ಕಪ್ಪುಗುಡ್ಡಗಳನ್ನು ಅವರಿಗೆ ಬಿಟ್ಟುಕೊಟ್ಟಿತ್ತು. 1874ರಲ್ಲಿ ಆ ಗುಡ್ಡಗಳಲ್ಲಿ ಚಿನ್ನ ಸಿಕ್ಕಿದುದೇ ತಡ, ಬಿಳಿಯರು ನುಗ್ಗಿದರು. ಒಪ್ಪಂದವು ಕಾಗದದಲ್ಲಿ ಉಳಿಯಿತು. 1875ರಲ್ಲಿ ಚಿನ್ನವನ್ನು ಪರೀಕ್ಷಿಸಲು ಬಂದ ತಂಡದ ಬೆಂಗಾವಲಿಗಿದ್ದ ಕರ್ನಲ್ ರಿಚರ್ಡ್ ಡಾಡ್ಜ್ ಎಂಬವನು, ಮೂಲನಿವಾಸಿಗಳು ಇದನ್ನು ‘ಕೆಟ್ಟ ದೇವರ ಗೋಪುರ’ ಎನ್ನುತ್ತಾರೆಂದು ಬರೆದನು. ತಪ್ಪಾದ ಅನುವಾದದಿಂದ ಹುಟ್ಟಿದ ಆ ಮಾತೇ ದೆವ್ವದ ಗೋಪುರವೆಂದು ಮಾರ್ಪಟ್ಟಿತು. ಪವಿತ್ರವೆಂದು ಭಾವಿಸಿದ ಸ್ಥಳಕ್ಕೆ ದೆವ್ವದ ಹೆಸರು ಬಂದರೆ ಮನಸ್ಸಿಗೆ ಹೇಗಾದೀತು? ಹಳೆಯ ಹೆಸರನ್ನೇ ಇಡಬೇಕೆಂದು ಕೋರಿಕೆಗಳು ಬಂದಿವೆ. ಅದಕ್ಕೆ ವಿರೋಧವೂ ಬಂದಿದೆ. 1995ರಲ್ಲಿ ಮುಂಬಯಿಯ ಹೆಸರೂ 2014ರಲ್ಲಿ ಬೆಳಗಾವಿಯ ಹೆಸರೂ ಸರಕಾರದ ದಫ್ತರದಲ್ಲಿ ನೇರವಾದುದನ್ನು ಬಲ್ಲ ನಮಗೆ ಈ ಹಂಬಲ ಅರ್ಥವಾಗದ ವಿಷಯವಲ್ಲ.

1890ರಲ್ಲಿ ಒಬ್ಬನು ಈ ಶಿಲೆಯಿರುವ ಭೂಮಿಯನ್ನು ತನ್ನ ಹೆಸರಿಗೆ ಮಾಡಿಕೊಳ್ಳಲು ಅರ್ಜಿ ಹಾಕಿದನು. ಸರಕಾರವು ಅದನ್ನು ತಿರಸ್ಕರಿಸಿತು. ಅಂದು ಅರ್ಜಿ ಮಂಜೂರಾಗಿದ್ದರೆ ಈ ಕಲ್ಲಿನ ಗತಿ ಏನಾಗುತ್ತಿತ್ತೋ! ಕಡೆಗೆ 1906ನೆಯ ಇಸವಿ ಸೆಪ್ಟೆಂಬರ್ 24ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟರು ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ಆ ದೇಶದಲ್ಲಿ ಹಾಗೆ ಘೋಷಿತವಾದ ಮೊದಲನೆಯ ಸ್ಮಾರಕವೇ ಇದು.

ಹತ್ತುವವರೂ ಹತ್ತದವರೂ

ಕಡಿದಾದ ಕಲ್ಲನ್ನು ಕಂಡರೆ ಹತ್ತಬೇಕೆನ್ನುವ ಆಸೆ ಮನುಷ್ಯನಿಗೆ ಸಹಜ. 1893ರ ಜುಲೈ 4ರಂದು ರೋಜರ್ಸ್ ಮತ್ತು ರಿಪ್ಲೆ ಎಂಬ ಇಬ್ಬರು, ಎರಡು ಕಂಬಗಳ ನಡುವಿನ ಸಂದಿನಲ್ಲಿ ಮರದ ಗೂಟಗಳನ್ನು ಹೊಡೆದು ಏಣಿ ಮಾಡಿ, ಜನಸಮೂಹದ ಎದುರಿನಲ್ಲಿ ನೆತ್ತಿಯನ್ನೇರಿದರು. ಎರಡು ವರ್ಷಗಳ ತರುವಾಯ ರೋಜರ್ಸನ ಹೆಂಡತಿಯೂ ಅದೇ ಏಣಿಯಿಂದ ಏರಿದಳು. 1941ರ ಅಕ್ಟೋಬರಿನಲ್ಲಿ ಜಾರ್ಜ್ ಹಾಪ್ಕಿನ್ಸ್ ಎಂಬವನು ವಿಮಾನದಿಂದ ಕೊಡೆ ಕಟ್ಟಿಕೊಂಡು ನೆತ್ತಿಯ ಮೇಲೆ ಇಳಿದನು. ಇಳಿದುದೇನೋ ಸರಿ, ಕೆಳಗೆ ಬರಲು ದಾರಿಯಿರಲಿಲ್ಲ! ವಿಮಾನದಿಂದ ಎಸೆದ ಆಹಾರವನ್ನೂ ಕಂಬಳಿಗಳನ್ನೂ ನಂಬಿಕೊಂಡು ಆರು ದಿನ ಕಳೆದ ಮೇಲೆ, ಬಂಡೆಯೇರುವುದರಲ್ಲಿ ನುರಿತವರು ಹೋಗಿ ಅವನನ್ನು ಇಳಿಸಿ ತಂದರು. ಏರುವ ಮೊದಲು ಇಳಿಯುವುದನ್ನು ಯೋಚಿಸಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಕೆ?

ಆದರೆ ಇವೆಲ್ಲಕ್ಕಿಂತಲೂ ನನ್ನ ಮನಸ್ಸಿಗೆ ಹಿಡಿಸಿದ ಸಂಗತಿ ಬೇರೆಯೇ ಇದೆ. ಜೂನ್ ತಿಂಗಳಲ್ಲಿ ಮೂಲನಿವಾಸಿಗಳು ಅಲ್ಲಿ ಅನೇಕ ವ್ರತಾಚರಣೆಗಳನ್ನು ನಡೆಸುತ್ತಾರೆ. ಆ ತಿಂಗಳು ಯಾರೂ ಶಿಲೆಯನ್ನು ಹತ್ತದಿರಲಿ ಎಂದು 1995ರಿಂದ ಸ್ಮಾರಕದ ಅಧಿಕಾರಿಗಳು ಕೇಳಿಕೊಳ್ಳುತ್ತಿದ್ದಾರೆ. ಇದು ಕಾನೂನಲ್ಲ, ಹತ್ತಿದವನಿಗೆ ದಂಡವಿಲ್ಲ. ಕೇವಲ ವಿನಂತಿ. ಆದರೂ ಹತ್ತಲು ಶಕ್ತಿಯುಳ್ಳವರಲ್ಲಿ ಬಹುಪಾಲು ಮಂದಿ ಆ ತಿಂಗಳು ಹಗ್ಗವನ್ನು ಚೀಲದಲ್ಲಿಯೇ ಇರಿಸುತ್ತಾರೆ. ತಮ್ಮದಲ್ಲದ ನಂಬಿಕೆಗೆ ತಮ್ಮ ಸಂತೋಷವನ್ನು ಒಂದು ತಿಂಗಳ ಮಟ್ಟಿಗೆ ಬಿಟ್ಟುಕೊಡುವುದು ಬೆಟ್ಟವನ್ನೇರುವುದಕ್ಕಿಂತ ಸಣ್ಣ ಸಾಹಸವೇನೂ ಅಲ್ಲ.

ನೋಡುವ ಕ್ರಮ

ನದಿಯ ದಡದಲ್ಲಿ ಗಾಲಿಯ ಮನೆಗಳನ್ನು ನಿಲ್ಲಿಸಲು ಒಂದು ತಾಣವಿದೆ. ಅಲ್ಲಿ ವಿದ್ಯುತ್ತಿನ ತಂತಿಯನ್ನಾಗಲಿ ನೀರಿನ ಕೊಳವೆಯನ್ನಾಗಲಿ ವಾಹನಕ್ಕೆ ಜೋಡಿಸುವ ಅನುಕೂಲವಿಲ್ಲ. ತೊಟ್ಟಿಯಲ್ಲಿ ತಂದ ನೀರಿನಲ್ಲಿಯೇ ಕಾಲ ಕಳೆಯಬೇಕು. ದೊಡ್ಡ ವಾಹನವನ್ನು ಅಲ್ಲಿಯೇ ಬಿಟ್ಟು ಕಾಲುದಾರಿಯಲ್ಲಿ ನಡೆಯುವುದು ಉತ್ತಮ. ದಾರಿಯಲ್ಲಿ ‘ಪ್ರೇರಿ ನಾಯಿ’ಗಳ ಊರೇ ಒಂದು ಸಿಗುತ್ತದೆ. ಹೆಸರು ನಾಯಿಯಾದರೂ ಇವು ಅಳಿಲಿನ ಜಾತಿಗೆ ಸೇರಿದವು. ಬಿಲಗಳ ಬಾಯಲ್ಲಿ ನಿಂತು ಬೊಗಳುವಂತೆ ಕೂಗಿ ಒಂದಕ್ಕೊಂದು ಎಚ್ಚರಿಕೆ ಕೊಡುತ್ತವೆ. ಅವುಗಳಿಗೆ ತಿನಿಸು ಹಾಕಬಾರದು, ಹತ್ತಿರ ಹೋಗಬಾರದು. ಅವುಗಳ ಮೈಮೇಲಿನ ಚಿಗಟಗಳಿಂದ ರೋಗ ಹರಡುವ ಭಯವುಂಟು.

ಶಿಲೆಯ ಬುಡವನ್ನು ಸುತ್ತುವ ದಾರಿ 1.3 ಮೈಲಿ. ನಾವು ಗುಡಿಯನ್ನು ಪ್ರದಕ್ಷಿಣೆ ಮಾಡುವಂತೆ ನಿಧಾನವಾಗಿ ಸುತ್ತಬೇಕು. ಹಿಂದೆಂದೋ ಮುರಿದುಬಿದ್ದ ಕಂಬಗಳ ಹೆಗ್ಗಲ್ಲುಗಳು ಕಾಲ ಬುಡದಲ್ಲಿ ರಾಶಿಯಾಗಿವೆ. 1893ರ ಏಣಿಯ ಗೂಟಗಳು ಕೆಲವು ಈಗಲೂ ಕಾಣುತ್ತವೆ. ದಾರಿಯ ಮಗ್ಗುಲಿನ ಮರಗಳಿಗೆ ಬಣ್ಣಬಣ್ಣದ ಬಟ್ಟೆಯ ತುಂಡುಗಳನ್ನು ಕಟ್ಟಿರುತ್ತಾರೆ. ಅವು ಮೂಲನಿವಾಸಿಗಳ ಪ್ರಾರ್ಥನೆಯ ಗುರುತುಗಳು. ಮುಟ್ಟದೆ, ಬಿಚ್ಚದೆ ಮುಂದೆ ಹೋಗಬೇಕು. ಒಂದು ಚಿಕ್ಕ ಕಲ್ಲನ್ನೂ ಅಲ್ಲಿಂದ ತೆಗೆದುಕೊಂಡು ಬರತಕ್ಕದ್ದಲ್ಲ.

ನಮ್ಮ ನೆರೆಯ ಬಂಧುಗಳು

ಈಗ ಭೂಪಟವನ್ನು ಮಡಿಸಿ ನಮ್ಮ ಊರಿಗೆ ಬರೋಣ. ಅಂಧೇರಿಯ ಪಶ್ಚಿಮ ಭಾಗದಲ್ಲಿ, ಮನೆಮಾಳಿಗೆಗಳ ನಡುವೆ, ಗಿಲ್ಬರ್ಟ್ ಹಿಲ್ ಎಂಬ ಕಪ್ಪು ಗುಡ್ಡವೊಂದು ನೆಟ್ಟಗೆ ನಿಂತಿದೆ. ಎತ್ತರ ಸುಮಾರು 200 ಅಡಿ. ಮೇಲೆ ಗಾಂವದೇವಿಯ ಗುಡಿಯಿದೆ; ಕಲ್ಲಿನಲ್ಲಿ ಕಡೆದ ಮೆಟ್ಟಿಲುಗಳನ್ನೇರಿ ಭಕ್ತರು ಹೋಗುತ್ತಾರೆ. ಅದರ ಮೈಯನ್ನು ಗಮನಿಸಿ ನೋಡಿರಿ: ಅವೇ ನಿಡಿದಾದ ಕಂಬಗಳು! ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ದಖ್ಖಣವನ್ನೆಲ್ಲ ಆವರಿಸಿದ ಶಿಲಾರಸದ ಕಾಲದಲ್ಲಿ ಹುಟ್ಟಿದ ಕಲ್ಲು ಇದು. ಅಮೆರಿಕಾದ ಶಿಲೆಗಿಂತಲೂ ವಯಸ್ಸಿನಲ್ಲಿ ಹಿರಿಯದು. ಕಲ್ಲಿನ ಜಾತಿ ಬೇರೆ, ಕಂಬವಾದ ವಿಧಾನ ಒಂದೇ.

ಬಂಧುಗಳ ಭಾಗ್ಯ ಮಾತ್ರ ಒಂದೇ ಆಗಿಲ್ಲ. ಕರಡಿಯ ಬಿಡಾರದ ಸುತ್ತ 1,347 ಎಕರೆ ನೆಲ ಕಾಯ್ದಿಡಲ್ಪಟ್ಟಿದೆ. ಗಿಲ್ಬರ್ಟ್ ಗುಡ್ಡದ ಸುತ್ತಲಿನ ಕಲ್ಲನ್ನು ಗಣಿಯವರು ಒಡೆದೊಡೆದು ಸಾಗಿಸಿದರು. ಉಳಿದ ಜಾಗವನ್ನು ಮನೆಗಳು ತುಂಬಿದವು. ಭೂವಿಜ್ಞಾನಿಗಳು ಒತ್ತಾಯಿಸಿದ ಮೇಲೆ 2007ರಲ್ಲಿ ಮುಂಬಯಿಯ ಮಹಾನಗರಪಾಲಿಕೆಯು ಇದನ್ನು ಎರಡನೆಯ ದರ್ಜೆಯ ಪರಂಪರೆಯ ತಾಣವೆಂದು ಸಾರಿತು. ಮನೆ ಕಟ್ಟಿಕೊಂಡ ಬಡವರನ್ನು ದೂಷಿಸಿ ಪ್ರಯೋಜನವಿಲ್ಲ. ಅವರಿಗೂ ತಲೆಯ ಮೇಲೊಂದು ಸೂರು ಬೇಕು. ಕೊರತೆಯಿರುವುದು ತಿಳಿವಳಿಕೆಯಲ್ಲಿ. ಕಲ್ಲು ಏನೆಂಬುದನ್ನು ಅರಿತವರು ಕಡಿಮೆಯಾದಾಗ ಅದಕ್ಕೆ ಜಲ್ಲಿಯ ಬೆಲೆಯಷ್ಟೇ ಉಳಿಯುತ್ತದೆ.

ಇನ್ನೊಂದು ಬಂಧು ಮಲ್ಪೆಯ ಎದುರಿನ ಸಮುದ್ರದಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳಲ್ಲಿದೆ. ಉಡುಪಿಯ ಕಡೆಯಿಂದ ಬಂದ ಮಕ್ಕಳು ನಿಮ್ಮಲ್ಲಿ ಅನೇಕರಿದ್ದೀರಿ. ಅಲ್ಲಿ ತೆರೆಗಳ ನಡುವೆ ಸಾಲಾಗಿ ನಿಂತ ಬಹುಮುಖದ ಕಂಬಗಳು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದಿನವು; ಮಡಗಾಸ್ಕರ್ ದ್ವೀಪವು ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಸಾಕ್ಷಿಗಳು. ಅವೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿವೆ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ದೋಣಿಯೇರಿ ನೋಡಿಬನ್ನಿರಿ. ಕಂಬದ ಮುಖಗಳನ್ನು ಬೆರಳಿನಿಂದ ಎಣಿಸಿರಿ.

ಗಾಲಿಯ ಮನೆ ನಮಗೆ ದೊರೆಯದಿರಬಹುದು. ಅಂಧೇರಿಗೆ ಲೋಕಲ್ ರೈಲು ಇದ್ದೇ ಇದೆ. ಯಾವ ಬೆಟ್ಟಕ್ಕೇ ಹೋಗಲಿ, ಮೂರು ಪ್ರಶ್ನೆಗಳನ್ನು ಜೊತೆಗೆ ಕೊಂಡೊಯ್ಯಿರಿ: ಇದು ಆದುದು ಹೇಗೆ? ಇದನ್ನು ತಮ್ಮದೆಂದು ಭಾವಿಸಿ ಗೌರವಿಸುವವರು ಯಾರು? ನಾನು ಹೋದ ಮೇಲೆ ಇದು ಮೊದಲಿದ್ದಂತೆಯೇ ಇರುವುದೆ? ಮೊದಲನೆಯ ಪ್ರಶ್ನೆಗೆ ಪುಸ್ತಕಗಳು ಉತ್ತರ ಕೊಟ್ಟಾವು. ಎರಡನೆಯದನ್ನು ಅಲ್ಲಿಯ ಜನರನ್ನು ಕೇಳಿ ತಿಳಿಯಬೇಕು. ಮೂರನೆಯದರ ಉತ್ತರ ನಿಮ್ಮ ಕೈಯಲ್ಲಿಯೇ ಇದೆ.